ಸೊಲ್ಲು ಎತ್ತಿಕೊಳ್ಳುವವರು

ಎರಡು ವರ್ಷದ ಹಿಂದಿನ ಒಂದು ಚಪ್ಪಾಳೆ ನನ್ನನ್ನು ಇನ್ನೂ ಬಿಟ್ಟಿಲ್ಲ. ತಟ್ಟಿದವರಲ್ಲಿ ನಾನೂ ಇದ್ದೆ, ಅದಕ್ಕೇ ಬಿಟ್ಟಿಲ್ಲ.

ನಮ್ಮ ಕರಾವಳಿಯ ಒಂದು ಊರು. ಏಪ್ರಿಲ್ ತಿಂಗಳ ಕೊನೆ, ಬೇಸಗೆಯ ಉತ್ಸವ. ಊರಿನ ಹೆಸರಾಗಲಿ ನಡೆಸಿದವರ ಹೆಸರಾಗಲಿ ಇಲ್ಲಿ ಬೇಡ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮತ್ತು ಇಂಥದ್ದು ಎಲ್ಲ ಕಡೆಯೂ ನಡೆಯುತ್ತದೆ. ಸಂಜೆಯ ಗಾಳಿ ಬಿದ್ದುಹೋಗಿ ಸೆಕೆ ಮೈಗೆ ಅಂಟಿಕೊಂಡಿತ್ತು. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಹಿಂದೆ ಚುರುಮುರಿಯ ಗಾಡಿ, ಮುರುಗಲ ಪಾನಕದವರು, ಗಾಳಿ ತುಂಬಿದ ಬಣ್ಣದ ಬಲೂನುಗಳು, ಅಮ್ಮನ ಸೊಂಟದ ಮೇಲೆ ನಿದ್ದೆಗೆ ಜಾರುತ್ತಿದ್ದ ಮಕ್ಕಳು. ಒಂಬತ್ತು ಗಂಟೆಗೆ ಬೆಂಗಳೂರಿನಿಂದ ಬಂದ ಸಿನಿಮಾ ಹಾಡುಗಾರರ ಕಾರ್ಯಕ್ರಮ. ಜನ ಬಂದದ್ದು ಅದಕ್ಕೆ, ನಾನು ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋದದ್ದೂ ಅದಕ್ಕೇ. ಅದಕ್ಕೆ ಮೊದಲಿನ ನಲವತ್ತು ನಿಮಿಷಗಳಲ್ಲಿ ಜಾನಪದದ ಐದು ತಂಡಗಳು. ಲೆಕ್ಕ ಹಾಕಿದರೆ ತಂಡವೊಂದಕ್ಕೆ ಎಂಟು ನಿಮಿಷ. ಹತ್ತಿ ಇಳಿಯುವ ಹೊತ್ತನ್ನು ಕಳೆದರೆ ಆರು.

ಮೂರನೆಯ ತಂಡ ಹಾಲಕ್ಕಿ ಒಕ್ಕಲಿಗರದು. ಗಂಡಸರು ಗುಮಟೆ ವಾದ್ಯ ಬಡಿದು ಹಾಡುವ ಗುಮಟೆ ಪಾಂಗು ಮೊದಲು ಆಯಿತು. ಆಮೇಲೆ ನಾಲ್ವರು ಹೆಂಗಸರು ಮುಂದೆ ಬಂದರು. ಕೊರಳು ಮುಚ್ಚಿದ ಕರಿಮಣಿಯ ಸರಗಳು, ಹೆಗಲ ಮೇಲೆ ಗಂಟು ಕಟ್ಟಿದ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಮೈಕು ಇದ್ದದ್ದು ಒಂದೇ. ಅದನ್ನು ಇಬ್ಬರ ನಡುವೆ ನಿಲ್ಲಿಸಿದರು. ಉಳಿದ ಇಬ್ಬರನ್ನು ಫೋಟೊಕ್ಕೆ ಚೆನ್ನಾಗಿ ಕಾಣಲೆಂದು ವೇದಿಕೆಯ ಇನ್ನೊಂದು ಬದಿಗೆ ಸರಿಸಿದರು. ಮೊದಲ ಇಬ್ಬರು ಒಂದು ಸೊಲ್ಲು ಹೇಳಿದರು, ಇನ್ನೊಂದು ಸೊಲ್ಲು ಹೇಳಿದರು, ನಿಲ್ಲಿಸಿದರು. ಧ್ವನಿವರ್ಧಕಗಳ ಮುಖವೆಲ್ಲ ನಮ್ಮ ಕಡೆಗೆ, ಬೆನ್ನು ಅವರ ಕಡೆಗೆ. ಆ ಬದಿಯಲ್ಲಿದ್ದ ಇಬ್ಬರಿಗೆ ಸಾಲು ಕೇಳಿಸಿತೋ ಇಲ್ಲವೋ, ಎತ್ತಿಕೊಳ್ಳಲು ಒಂದು ಕ್ಷಣ ತಡವಾಯಿತು. ಆ ಒಂದು ಕ್ಷಣದಲ್ಲಿ ಹಾಡು ಮುಗಿಯಿತೆಂದುಕೊಂಡು ನಾವು ಚಪ್ಪಾಳೆ ತಟ್ಟಿದೆವು. ಮನಸ್ಸಿನಿಂದಲೇ ತಟ್ಟಿದೆವು, ಜೋರಾಗಿ. ನಿರೂಪಕರು ಓಡಿಬಂದು ಇದು ನಮ್ಮ ಜಿಲ್ಲೆಯ ಬುಡಕಟ್ಟು ಜನರ ಅಪೂರ್ವ ಕಲೆ, ಇನ್ನೊಮ್ಮೆ ಚಪ್ಪಾಳೆ ಬರಲಿ ಎಂದರು. ಇನ್ನೊಮ್ಮೆ ಬಂತು. ಶಾಲು, ಹಾರ, ಪ್ರಮಾಣಪತ್ರ. ಅವರು ಇಳಿದು ಹೋದರು.

ಹಾಡಲು ಆರಂಭಿಸಿದ್ದ ಹಿರಿಯ ಹೆಂಗಸು ಕಿವಿಯ ಬಳಿ ಒಂದು ಕೈ ಇಟ್ಟುಕೊಂಡಿದ್ದಳು. ನಾವು ತಟ್ಟುವಷ್ಟು ಹೊತ್ತೂ ಅವಳು ಆ ಕೈಯನ್ನು ಇಳಿಸಲಿಲ್ಲ. ಆಚೆ ಬದಿಯ ಇಬ್ಬರನ್ನೇ ನೋಡುತ್ತಿದ್ದಳು. ಸಾಲು ಮರಳಿ ಬರುತ್ತದೆ ಎಂದು ಕಾಯುತ್ತಿದ್ದಳು.

ಆ ನಡುವಿನ ಮೌನ

ಉತ್ತರ ಕನ್ನಡದಲ್ಲಿ ಹುಟ್ಟಿದವರಿಗೆ ಹಾಲಕ್ಕಿಗಳ ಹಾಡಿನ ಬಗ್ಗೆ ಪೀಠಿಕೆ ಬೇಕಿಲ್ಲ. ಆದರೆ ಪರಿಚಯ ಇರುವುದಕ್ಕೂ ಅದು ಹೇಗೆ ನಡೆಯುತ್ತದೆ ಎಂದು ತಿಳಿದಿರುವುದಕ್ಕೂ ನಡುವೆ ಎಷ್ಟು ದೂರ ಎಂಬುದು ನನಗೆ ಆ ರಾತ್ರಿಯ ನಂತರವೇ ಹೊಳೆದದ್ದು. ಅವರ ಹೆಂಗಸರ ಹಾಡನ್ನು ಒಬ್ಬರೇ ಹಾಡಿ ಮುಗಿಸುವುದಿಲ್ಲ. ಒಂದು ಜೋಡಿ ಸಾಲನ್ನು ಹೇಳುತ್ತದೆ, ಇನ್ನೊಂದು ಜೋಡಿ ಅದೇ ಸಾಲನ್ನು ಎತ್ತಿಕೊಳ್ಳುತ್ತದೆ. ಎತ್ತಿಕೊಳ್ಳುವಷ್ಟು ಹೊತ್ತು ಮೊದಲಿನವರಿಗೆ ಉಸಿರಿಗೆ ಬಿಡುವು, ನೆನಪಿಗೆ ಬಿಡುವು. ಮುಂದಿನ ಸಾಲು ಹುಟ್ಟುವುದು ಅಲ್ಲಿ. ನೂರಾರು ಸಾಲುಗಳ ಹಾಡನ್ನು ಅಕ್ಷರ ಬಾರದವರು ಹೇಗೆ ನೆನಪಿಟ್ಟುಕೊಂಡರು ಎಂದು ನಾವು ಬೆರಗಾಗುತ್ತೇವೆ. ಆ ನೆನಪಿನಲ್ಲಿ ಅರ್ಧ ಪಾಲು ಎದುರಿಗಿದ್ದು ಮರಳಿ ಹೇಳುವವರದು. ಅವರು ಹೇಳದಿದ್ದರೆ ಹಾಡಿಗೆ ಮುಂದಿನ ಹೆಜ್ಜೆ ಇಡಲು ನೆಲವೇ ಇಲ್ಲ.

ಅಚ್ಚಾದ ಜಾನಪದ ಗೀತೆಗಳನ್ನು ಓದುವಾಗ ಇದು ಕಾಣುವುದಿಲ್ಲ. ಪುಟದ ಮೇಲೆ ಸಾಮಾನ್ಯವಾಗಿ ಪ್ರತಿ ಸಾಲೂ ಒಮ್ಮೆ ಮಾತ್ರ ಇರುತ್ತದೆ. ಮತ್ತೆ ಮತ್ತೆ ಬರೆದರೆ ಕಾಗದ ದಂಡ. ಹೊನ್ನಾವರದ ಡಾ. ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಯಂಥವರು ಕೇರಿ ಕೇರಿ ಅಲೆದು ಈ ಜಿಲ್ಲೆಯ ಹಾಡು, ಕತೆಗಳನ್ನು ಸಂಗ್ರಹಿಸದೇ ಇದ್ದಿದ್ದರೆ ನನ್ನಂಥವರ ಕೈಗೆ ಆ ಪದಗಳೂ ಸಿಗುತ್ತಿರಲಿಲ್ಲ, ಅವರ ಋಣ ದೊಡ್ಡದು. ಆದರೆ ಪುಟದಿಂದ ಓದಿದರೆ ಎರಡು ನಿಮಿಷಕ್ಕೆ ಮುಗಿಯುವ ಹಾಡು ಗದ್ದೆಯಲ್ಲಿ ಅರ್ಧ ತಾಸು ನಡೆಯುತ್ತದೆ. ನಾನು ವರ್ಷಗಟ್ಟಲೆ ಓದುವವಳ ಕಿವಿಯಿಂದ ಹಾಡು ಕೇಳಿದ್ದೆ. ಮೌನ ಬಂದರೆ ಪುಟ ಮುಗಿಯಿತು ಎಂದೇ ನನಗೆ ಅರ್ಥ.

ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಮ್ಮೆಲ್ಲರ ಮೊಬೈಲ್ ತುಂಬ ಅವರ ಹಾಡಿನ ತುಣುಕುಗಳು ಹರಿದಾಡಿದವು. ಅಂಕೋಲೆಯ ಬಡಿಗೇರಿಯ ಸುಕ್ರಜ್ಜಿ, 2017ರಲ್ಲಿ ಪದ್ಮಶ್ರೀ ಪಡೆದವರು, ಊರಿನಲ್ಲಿ ಸಾರಾಯಿ ಮಾರಾಟದ ವಿರುದ್ಧ ನಿಂತವರು, ಲೆಕ್ಕ ಸಿಗದಷ್ಟು ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡವರು. ಅದಕ್ಕೆ ಎರಡು ತಿಂಗಳ ಮೊದಲು, 2024ರ ಡಿಸೆಂಬರ್‌ನಲ್ಲಿ, ಅದೇ ತಾಲೂಕಿನ ಹೊನ್ನಳ್ಳಿಯ, ಗಿಡಮರ ಬೆಳೆಸಿ ಹೆಸರಾದ ತುಳಸಿ ಗೌಡರೂ ಹೋಗಿದ್ದರು. ಒಂದು ಚಳಿಗಾಲದಲ್ಲಿ ಎರಡು ದೊಡ್ಡ ಮರಗಳು ಬಿದ್ದಂತಾಗಿ ಅಂಕೋಲೆ ಬಯಲಾಯಿತು. ನನಗೆ ಬಂದ ತುಣುಕುಗಳನ್ನು ರಾತ್ರಿ ಕುಳಿತು ಒಂದೊಂದಾಗಿ ಕೇಳಿದೆ. ಸುಕ್ರಜ್ಜಿ ಎರಡು ಸಾಲು ಹೇಳುತ್ತಾರೆ, ನಿಲ್ಲುತ್ತಾರೆ, ತುಣುಕು ಮುಗಿಯುತ್ತದೆ. ಮತ್ತೊಂದು ತುಣುಕು, ಮತ್ತೆರಡು ಸಾಲು. ಎದುರಿಗೆ ಕ್ಯಾಮೆರಾ ಹಿಡಿದವರಿದ್ದರು, ಪ್ರಶ್ನೆ ಕೇಳುವವರಿದ್ದರು. ಎತ್ತಿಕೊಳ್ಳುವವರು ಇರಲಿಲ್ಲ.

ಗುಮಟೆಯದೂ ಇಂಥದೇ ಕತೆ. ಮಣ್ಣಿನ ಮಡಕೆಯಂಥ ವಾದ್ಯ, ದೊಡ್ಡ ಬಾಯಿಗೆ ಚರ್ಮ, ಇನ್ನೊಂದು ತುದಿಯ ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮವನ್ನು ಬಡಿಯುವಾಗ ಎಡಗೈ ಆ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ಗುಮ್ಮೆಂಬ ಆಳದ ದನಿ ಬಾಗುವುದು, ಏಳುವುದು ಆ ಎಡಗೈಯಿಂದ. ಆ ಉತ್ಸವದಲ್ಲಿ ಮೈಕನ್ನು ಚರ್ಮದ ಎದುರು ಇಟ್ಟಿದ್ದರು. ಹಾಗಾಗಿ ನಮಗೆ ಟಪಟಪ ಬಡಿತ ಕೇಳಿಸಿತು, ಗುಮ್ಮು ಕೇಳಿಸಲಿಲ್ಲ. ಹಿಂದೆ ಈ ಚರ್ಮ ಉಡದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಉಡವನ್ನು ಮುಟ್ಟುವಂತಿಲ್ಲ, ಈಗ ಆಡಿನ ಚರ್ಮ ಬಂದಿದೆ. ಉಡ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗಡಿಯಾಚೆಯ ಗೋವೆಯವರು ಇದೇ ವಾದ್ಯವನ್ನು ಘುಮಟ್ ಎಂದು ಕರೆಯುತ್ತಾರೆ, 2019ರಲ್ಲಿ ಅದನ್ನು ತಮ್ಮ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿಕೊಂಡರು. ವೇದಿಕೆಯಿಂದ ಇಳಿದು ಬಂದ ಗುಮಟೆಯ ಹಿರಿಯರನ್ನು ನಾನು ಪಾನಕದ ಅಂಗಡಿಯ ಬಳಿ ಮಾತನಾಡಿಸಿದೆ. ಆಡಿನ ಚರ್ಮ ದಪ್ಪ, ಸಮುದ್ರದ ಗಾಳಿಗೆ ಬೇಗ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು, ಇಲ್ಲಿ ಬೆಂಕಿ ಮಾಡಲು ಬಿಡಲಿಲ್ಲ ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಸಂಭಾವನೆಯ ಲಕೋಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅತ್ತ ಸಿನಿಮಾ ಹಾಡು ಶುರುವಾಗಿತ್ತು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ನಿರೂಪಕರು ಬುಡಕಟ್ಟು ಎಂದರಲ್ಲ, ಹಾಲಕ್ಕಿ ಒಕ್ಕಲಿಗರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತ ಬಂದು ದಶಕಗಳಾದವು. ಇದೇ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಸೇರಿಸಿದರು. ಹಾಲಕ್ಕಿಗಳ ಕಡತ ಮಾತ್ರ ಓಡಾಡುತ್ತಲೇ ಇದೆ. ವೇದಿಕೆಯ ಮೇಲೆ ನಿಂತಾಗ ಬುಡಕಟ್ಟು, ಕಚೇರಿಯ ಕಿಟಕಿಯ ಎದುರು ನಿಂತಾಗ ಅಲ್ಲ. ಸುಕ್ರಜ್ಜಿ ಕೊನೆಯವರೆಗೂ ಕೇಳಿಕೊಂಡದ್ದು ಇದನ್ನೇ. ನಾವು ಆ ಸಾಲನ್ನೂ ಎತ್ತಿಕೊಳ್ಳಲಿಲ್ಲ.

ಜಗುಲಿಯ ಕಿವಿ

ನಾನು ಹಾಡು ಕೇಳಲು ಕಲಿತದ್ದು ಜಗುಲಿಯ ಮೇಲೆ. ಗಂಗಾವಳಿ ಹೊಳೆಗೆ ಹತ್ತಿರದ ನಮ್ಮ ಅಜ್ಜಿಮನೆಗೆ ಅಂಗಳಕ್ಕಿಂತ ಎರಡು ಆಳೆತ್ತರದಲ್ಲಿ ಜಗುಲಿ ಇತ್ತೇನೋ ಎಂದು ಚಿಕ್ಕಂದಿನಲ್ಲಿ ಅನಿಸುತ್ತಿತ್ತು. ಈಗ ಹೋಗಿ ನೋಡಿದರೆ ನಾಲ್ಕೇ ಮೆಟ್ಟಿಲು. ಹೋಳಿಯ ಹೊತ್ತಿಗೆ ಸುಗ್ಗಿಯ ತಂಡ ಬರುತ್ತಿತ್ತು. ದೂರದ ಗದ್ದೆಯ ಬದುವಿನ ಮೇಲೆ ಗುಮಟೆಯ ದನಿ ಮೊದಲು ಕೇಳುವುದು, ಆಮೇಲೆ ತುರಾಯಿಗಳು ಕಾಣುವುದು. ಬೆಂಡಿನ ಹೂಗಳು, ಬಣ್ಣದ ಕಾಗದ, ತಲೆಯ ಮೇಲೆ ಒಂದು ತೋಟವನ್ನೇ ಹೊತ್ತವರಂತೆ ಅವರು ಸಾಲಾಗಿ ದಣಪೆ ದಾಟಿ ಬಂದು ಅಂಗಳದಲ್ಲಿ ಸುತ್ತು ಕಟ್ಟುತ್ತಿದ್ದರು. ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಅಂಗಳದ ಧೂಳು ಎದ್ದು ಜಗುಲಿಯವರೆಗೂ ಬರುತ್ತಿತ್ತು, ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದಳು. ಕುಣಿತ ಮುಗಿದ ಮೇಲೆ ಮೊರದಲ್ಲಿ ಅಕ್ಕಿ, ಮೇಲೆ ಎರಡು ತೆಂಗಿನಕಾಯಿ, ಒಂದಿಷ್ಟು ಹಣ. ಅಜ್ಜಿ ಮೆಟ್ಟಿಲು ಇಳಿಯುತ್ತಿರಲಿಲ್ಲ. ಮೊರವನ್ನು ಕೆಳಗಿನ ಮೆಟ್ಟಿಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದಳು.

ನನ್ನ ನೆನಪಿನ ಅತಿ ಸುಂದರ ದೃಶ್ಯ ಇದು. ಬಹಳ ವರ್ಷ ಇದನ್ನು ಹಾಗೆಯೇ ಎಲ್ಲರಿಗೂ ಹೇಳಿಕೊಂಡು ಬಂದೆ. ತುರಾಯಿಯ ಬಣ್ಣ, ಗುಮಟೆಯ ದನಿ, ಅಜ್ಜಿಯ ಉದಾರ ಕೈ. ಮೊರ ಕೈಯಿಂದ ಕೈಗೆ ಹೋಗಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಕಂಡೇ ಇರಲಿಲ್ಲ. ಆ ಚಪ್ಪಾಳೆಯ ನಂತರ ಯೋಚಿಸುತ್ತ ಕುಳಿತಾಗ ಆ ಮೊರ ಕಣ್ಣ ಮುಂದೆ ಬಂದು ನಿಂತಿತು.

ಅತ್ತೆಗೆ ನನಗಿಂತ ಮೊದಲಿನ ಕಾಲ ಗೊತ್ತು. ಅಪ್ಪನ ಅಕ್ಕ, ಈಗ ಎಪ್ಪತ್ತೈದು ದಾಟಿದೆ, ಆ ಮನೆಯಲ್ಲಿ ಈಗ ಒಬ್ಬಳೇ ಇದ್ದಾಳೆ. ಅವಳ ಹುಡುಗಿತನದಲ್ಲಿ ಮಳೆಗಾಲದ ನಾಟಿಗೆ ಹಾಲಕ್ಕಿ ಹೆಂಗಸರು ಇಪ್ಪತ್ತು ಮೂವತ್ತು ಜನ ಸಾಲಾಗಿ ಗದ್ದೆಗೆ ಇಳಿಯುತ್ತಿದ್ದರಂತೆ. ಗೊರಬು ಹೊತ್ತು, ಬಗ್ಗಿದ ಬೆನ್ನು ಎತ್ತದೆ, ಬೆಳಗಿನಿಂದ ಕತ್ತಲಾಗುವವರೆಗೆ ಹಾಡು. ಈ ತುದಿಯವರು ಹೇಳುವುದು, ಆ ತುದಿಯವರು ಎತ್ತಿಕೊಳ್ಳುವುದು. ಮಳೆ ಜೋರಾದರೆ ಹಾಡೂ ಜೋರಾಗುತ್ತಿತ್ತು, ಅಡುಗೆಮನೆಯಲ್ಲಿ ಕುಳಿತವರಿಗೂ ಸಾಲು ಸಾಲು ಬಿಡಿಬಿಡಿಯಾಗಿ ಕೇಳುತ್ತಿತ್ತು ಎನ್ನುತ್ತಾಳೆ. ಆಮೇಲೆ ಒಂದು ಮಳೆಗಾಲದಿಂದ ಹಾಡು ನಿಂತುಹೋಯಿತು. ನಮ್ಮ ಮನೆಯಲ್ಲಿ ಇದನ್ನು ಹೇಳುವ ರೀತಿಯೇ ಹಾಗೆ: ಹಾಡು ನಿಂತುಹೋಯಿತು, ಕಾಲ ಕೆಟ್ಟಿತು, ರೇಡಿಯೊ ಬಂತು, ಹುಡುಗಿಯರಿಗೆ ನಾಚಿಕೆ ಬಂತು.

ಯಾವ ಮಳೆಗಾಲ ಎಂದು ಕೇಳಿದೆ. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿ, ತನ್ನ ಮದುವೆಯಾಗಿ ಎರಡು ವರ್ಷಕ್ಕೆ, ಗೇಣಿಯ ಕಾಯ್ದೆ ಬಂದ ಮೇಲೆ ಎಂದಳು. 1974ರ ಭೂಸುಧಾರಣೆ. ಗೇಣಿ ಮಾಡುತ್ತಿದ್ದವರಿಗೆ ಆ ನೆಲ ಬಂತು. ನಮ್ಮ ಮನೆಯ ಎದುರಿನ ಗದ್ದೆಗಳಲ್ಲಿ ಮುಕ್ಕಾಲು ಪಾಲು ಹೋಯಿತು, ಹೋಗಬೇಕಾದ್ದೇ. ಅವರು ತಮ್ಮ ಗದ್ದೆಯಲ್ಲಿ ತಾವು ನಾಟಿ ಮಾಡಿಕೊಂಡರು, ಹಾಡಿಕೊಂಡೂ ಮಾಡಿರಬೇಕು. ನಮ್ಮ ಉಳಿದ ಗದ್ದೆಗೆ ಬಂದ ಕೂಲಿಯವರು ಹಾಡಲಿಲ್ಲ. ನಿಂತದ್ದು ಹಾಡಲ್ಲ, ನಮಗೆ ಕೇಳುವುದು ನಿಂತಿತ್ತು. ನಮ್ಮ ಜಗುಲಿಗೆ ಕೇಳಿಸದ್ದನ್ನು ನಾವು ಸತ್ತುಹೋಯಿತು ಎಂದುಕೊಂಡು ಐವತ್ತು ವರ್ಷ ದುಃಖಪಟ್ಟೆವು. ಆಮೇಲೆ ಅದೇ ದುಃಖದಿಂದ ಉತ್ಸವ ಮಾಡಿ, ಅವರನ್ನು ಕರೆಸಿ, ಆರು ನಿಮಿಷ ಕೊಟ್ಟು, ಅಳಿವಿನ ಅಂಚಿನ ಕಲೆ ಎಂದು ಘೋಷಿಸಿದೆವು.

ಇದನ್ನು ಬರೆಯುವಾಗ ಅಜ್ಜಿಯ ಮೇಲೆ ಸಿಟ್ಟಿಲ್ಲ. ಅವಳು ಆ ತಂಡಕ್ಕಾಗಿ ಬೆಳಗಿನಿಂದ ಕಾಯುತ್ತಿದ್ದಳು, ಬರುವುದು ತಡವಾದರೆ ಚಡಪಡಿಸುತ್ತಿದ್ದಳು. ಪ್ರೀತಿ ಇತ್ತು. ಮೆಟ್ಟಿಲು ಇಳಿಯುವ ದಾರಿ ಮಾತ್ರ ಅವಳಿಗೆ ಯಾರೂ ತೋರಿಸಿರಲಿಲ್ಲ.

ಗದ್ದಲದ ಪರವಾಗಿ

ಇಷ್ಟು ಹೇಳಿದ ಮೇಲೆ ನಾನು ಉತ್ಸವ, ಜಾತ್ರೆಗಳ ವಿರೋಧಿ ಎಂದು ಯಾರಾದರೂ ತಿಳಿದರೆ ಕಷ್ಟ. ಜಾತ್ರೆ ಎಂದರೆ ನನಗೆ ಪ್ರಾಣ. 2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಮೂರು ದಿನ ಹೋಗಿ ಕುಳಿತೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡಕಿಬೈಲಿನ ಗದ್ದುಗೆಯ ಸುತ್ತ ಬಳೆಯಂಗಡಿ, ಮಿಠಾಯಿಯಂಗಡಿ, ತೊಟ್ಟಿಲು, ನಾಟಕ ಕಂಪನಿಯ ಡೇರೆ, ಯಕ್ಷಗಾನದ ಡೇರೆ. ಒಂದು ಡೇರೆಯ ಚಂಡೆ ಇನ್ನೊಂದು ಡೇರೆಯ ಸಂಭಾಷಣೆಯೊಳಗೆ ನುಗ್ಗುತ್ತದೆ, ಇವೆರಡರ ಮೇಲೆ ಕಳೆದುಹೋದ ಮಗುವಿನ ಪ್ರಕಟಣೆ. ಅದರ ನಡುವೆ ನಿಂತು ಡೊಳ್ಳು ಕೇಳಿದ್ದೇನೆ, ಯಾವ ತೊಂದರೆಯೂ ಆಗಿಲ್ಲ. ಜನಪದ ಸಂಗೀತಕ್ಕೆ ಸಭಾಂಗಣದ ನಿಶ್ಶಬ್ದ ಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಈ ಸಂಗೀತ ಮಳೆಯ ಎದುರು, ಹೊಳೆಯ ಎದುರು, ಎಮ್ಮೆ ಕೂಗುವುದರ ಎದುರು ಬೆಳೆದದ್ದು.

ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿಯ ಪ್ರಭಾವಳಿ, ಕೈಯಲ್ಲಿ ಕತ್ತಿ ಗುರಾಣಿ, ಕೆಂಪು ಮುಖ. ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿರುತ್ತಾರೆ, ತಮಟೆ ಎದೆಗೆ ಬಡಿಯುತ್ತಿರುತ್ತದೆ. ಬೇಡ ಒಮ್ಮೆಲೇ ನಮ್ಮ ಕಡೆ ನುಗ್ಗಿದರೆ ಇಡೀ ಬೀದಿಯೇ ಹಿಂದಕ್ಕೆ ಓಡುತ್ತದೆ, ಅವನು ತಿರುಗಿದರೆ ಮತ್ತೆ ಮುಂದಕ್ಕೆ ಬರುತ್ತದೆ. ಹೀಗೆ ಓಡಿ ಬರುವ ಜನವಿಲ್ಲದಿದ್ದರೆ ಆ ಕುಣಿತಕ್ಕೆ ಅರ್ಧ ಮೈಯೇ ಇಲ್ಲ. ಅಲ್ಲಿ ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ. ತಟ್ಟಲು ಪುರಸೊತ್ತೇ ಇರುವುದಿಲ್ಲ. ಯಲ್ಲಾಪುರದ ಕಡೆಯ ಸಿದ್ದಿಗಳ ಡಮಾಮಿ ಕುಣಿತವನ್ನು ಅವರ ಕೇರಿಯಲ್ಲೇ ನೋಡುವ ಭಾಗ್ಯ ಒಮ್ಮೆ ಸಿಕ್ಕಿತ್ತು. ಅಲ್ಲಿಯೂ ಬದಿಗೆ ನಿಂತ ನನ್ನನ್ನು ಒಬ್ಬ ಹೆಂಗಸು ಕೈ ಹಿಡಿದು ಒಳಗೆ ಎಳೆದುಕೊಂಡಳು. ಹೆಜ್ಜೆ ಬರುವುದಿಲ್ಲ ಎಂದೆ. ಯಾರು ಕೇಳಿದರು ಎಂದಳು.

ಹಾಗಾಗಿ ಗದ್ದಲ ತಪ್ಪಲ್ಲ, ಜನಜಂಗುಳಿ ತಪ್ಪಲ್ಲ, ಮೈಕೂ ತಪ್ಪಲ್ಲ. ನನ್ನ ತಕರಾರು ಇರುವುದು ಆ ಕುರ್ಚಿಗಳ ಸಾಲಿನ ಮೇಲೆ ಮತ್ತು ಆ ಆರು ನಿಮಿಷದ ಮೇಲೆ. ಯಕ್ಷಗಾನಕ್ಕೆ ಈಗ ಕಾಲಮಿತಿ ಬಂದಿದೆ, ರಾತ್ರಿಯಿಡೀ ಆಡುತ್ತಿದ್ದದ್ದನ್ನು ಮೂರು ತಾಸಿಗೆ ಇಳಿಸಿದ್ದಾರೆ. ಅದರ ಪರ ವಿರೋಧ ನಮ್ಮ ಜಿಲ್ಲೆಯಲ್ಲಿ ಎಷ್ಟು ಚಹಾ ಅಂಗಡಿಗಳಲ್ಲಿ ಎಷ್ಟು ವರ್ಷದಿಂದ ನಡೆದಿದೆ. ಮೂರು ತಾಸು ಸಾಲದು ಎಂದು ಜಗಳವಾಡುವ ನಾವೇ ಇನ್ನೊಬ್ಬರ ಹಾಡಿಗೆ ಆರು ನಿಮಿಷ ಕೊಟ್ಟು ಔದಾರ್ಯ ಮೆರೆಯುತ್ತೇವೆ. ಕಳೆದ ವರ್ಷ ಪಕ್ಕದೂರಿನ ಬೇಸಗೆಯ ಉತ್ಸವದವರು ಸಲಹೆ ಕೇಳಿದಾಗ ನಾನು ಮೂರು ಮಾತು ಹೇಳಿದೆ: ಒಂದು, ಐದು ತಂಡ ಬೇಡ, ಒಂದೇ ತಂಡ ಕರೆಸಿ, ಒಂದು ತಾಸು ಕೊಡಿ; ಎರಡು, ಗುಮಟೆಯ ಹಿಂಬದಿಗೂ ಒಂದು ಮೈಕು ಇಡಿ, ಚರ್ಮ ಕಾಯಿಸಲು ವೇದಿಕೆಯ ಹಿಂದೆ ಒಂದು ಒಲೆ ಇರಲಿ; ಮೂರು, ಹಾಡುವ ನಾಲ್ವರನ್ನು ಒಬ್ಬರಿಗೊಬ್ಬರು ಮುಖ ಕಾಣುವಂತೆ ನಿಲ್ಲಿಸಿ, ಫೋಟೊ ಆಮೇಲೆ ತೆಗೆಯಿರಿ. ಎರಡನೆಯದನ್ನೂ ಮೂರನೆಯದನ್ನೂ ಒಪ್ಪಿಕೊಂಡರು. ಒಂದು ತಾಸು ಸಿಗಲಿಲ್ಲ, ಇಪ್ಪತ್ತು ನಿಮಿಷ ಸಿಕ್ಕಿತು. ಇಪ್ಪತ್ತು ನಿಮಿಷದಲ್ಲಿ ಹಾಡು ಅಷ್ಟಿಷ್ಟು ಕಣ್ಣು ತೆರೆಯುತ್ತದೆ.

ಕರೆಂಟು ಹೋದ ರಾತ್ರಿ

ಕಳೆದ ಮೇ ತಿಂಗಳು ಬಂಡಿಹಬ್ಬಕ್ಕೆಂದು ಅತ್ತೆಯ ಮನೆಗೆ ಹೋಗಿದ್ದೆ. ವೈಶಾಖದ ಹುಣ್ಣಿಮೆಯ ಆಸುಪಾಸು, ಕರಿ ಇಶಾಡ ಮಾವಿನ ಹಣ್ಣಿನ ಕಾಲ. ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಭೌಗೋಳಿಕ ಸೂಚಿಕೆ ಸಿಕ್ಕ ಮೇಲೆ ಈ ಹಣ್ಣಿಗೆ ದೂರದೂರಿನವರೂ ಕಾರು ನಿಲ್ಲಿಸುತ್ತಾರೆ. ಹಬ್ಬ ಮುಗಿಸಿ ಮನೆ ತಲುಪುವಾಗ ರಾತ್ರಿ ಹತ್ತು ದಾಟಿತ್ತು. ಮೋಡ ಗುಡುಗಿ, ನಾಲ್ಕು ಹನಿ ಉದುರಿ, ಕರೆಂಟು ಹೋಯಿತು. ಮಳೆ ಮುಂದೆ ಬರಲಿಲ್ಲ, ಮೋಡ ಸರಿದು ಬೆಳದಿಂಗಳು ಬಂತು. ನಾವು ಜಗುಲಿಯ ಮೇಲೆ ಬೀಸಣಿಗೆ ಹಿಡಿದು ಕುಳಿತೆವು.

ದಣಪೆಯ ಬಳಿ ಮಾತು ಕೇಳಿಸಿತು. ಹೊಳೆಯಂಚಿನ ಹಾಲಕ್ಕಿ ಕೊಪ್ಪದ ಅಜ್ಜಿ, ಜೊತೆಗೆ ಮೊಮ್ಮಗನ ಹೆಂಡತಿ, ಅವಳ ಹೆಗಲ ಮೇಲೆ ಅಳುವ ಕೂಸು. ಅವರೂ ಹಬ್ಬದಿಂದ ಬಂದವರು. ರಿಕ್ಷಾ ತರಲು ಹೋದ ಮೊಮ್ಮಗ ಬರುವವರೆಗೆ ಇಲ್ಲಿ ಕುಳಿತಿರುತ್ತೇವೆ ಎಂದರು. ಅತ್ತೆ ಮೇಲೆ ಬನ್ನಿ ಎಂದಳು. ಗಾಳಿ ಇಲ್ಲೇ ಚೆನ್ನಾಗಿದೆ ಎಂದು ಅಜ್ಜಿ ಅಂಗಳದ ತುಳಸಿಕಟ್ಟೆಯ ಬದಿಗೆ ಕುಳಿತಳು. ನಾನು ಹಣ್ಣು ಕೊಯ್ದು ತಂದುಕೊಟ್ಟೆ. ಕೂಸು ಅಳು ನಿಲ್ಲಿಸಲಿಲ್ಲ. ಸೆಕೆಗೆ, ನಿದ್ದೆಗೆಟ್ಟದ್ದಕ್ಕೆ, ಹಬ್ಬದ ಗದ್ದಲಕ್ಕೆ, ಎಲ್ಲಕ್ಕೂ ಸೇರಿಸಿ ಅಳುತ್ತಿತ್ತು. ಅಜ್ಜಿ ಅದನ್ನು ಮಡಿಲಿಗೆ ಹಾಕಿಕೊಂಡು ಹಾಡು ತೆಗೆದಳು.

ಆ ಹಾಡಿನ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಹೂಗಳ ಹೆಸರಿತ್ತು, ಒಂದು ಹೊಳೆ ಇತ್ತು, ತವರಿಗೆ ಹೋಗುವ ಒಬ್ಬ ಹುಡುಗಿ ಇದ್ದಳು, ಅಷ್ಟು ಸಾಕು. ಮೊದಲ ಸಾಲು ಹೇಳಿ ಅಜ್ಜಿ ನಿಲ್ಲಿಸಿದಳು. ಮೊಮ್ಮಗನ ಹೆಂಡತಿ ನಾಚಿಕೆಯಿಂದ ತನಗೆ ಬರುವುದಿಲ್ಲ ಎಂದಳು; ಅವಳು ಕುಮಟೆಯಲ್ಲಿ ಕಾಲೇಜು ಓದಿದವಳು, ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಜ್ಜಿ ತಾನೇ ಆ ಸಾಲನ್ನು ಇನ್ನೊಮ್ಮೆ ಹೇಳಿಕೊಂಡು ಎರಡನೆಯ ಸಾಲಿಗೆ ಹೋದಳು, ಮತ್ತೆ ನಿಲ್ಲಿಸಿದಳು. ಆ ಮೌನ ನನಗೆ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ನನ್ನ ಚಪ್ಪಾಳೆ ಬಿದ್ದದ್ದು ಇಂಥದೇ ಮೌನದ ಮೇಲೆ. ಏನು ಮಾಡಬೇಕೆಂದು ಈಗ ತಿಳಿದಿತ್ತು, ಮಾಡಲು ಸಾಲು ಬಾಯಿಗೆ ಬರಲಿಲ್ಲ. ಅವರ ಮಾತಿನ ಎಳೆತವೇ ಬೇರೆ, ಒಂದೇ ಸಲ ಕೇಳಿ ಹಿಡಿಯುವುದು ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆಯ ಬೀಸಣಿಗೆ ನಿಂತಿತು. ಅವಳು ಎತ್ತಿಕೊಂಡಳು. ಮೊದಲು ಬರೀ ಗಂಟಲಿನಲ್ಲಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ದನಿಯಲ್ಲಿ. ನಾನು ಅವಳ ಮುಖ ನೋಡಿದೆ. ದೇವರ ಭಜನೆ ಬಿಟ್ಟು ಬೇರೇನನ್ನೂ ಅವಳು ಹಾಡಿದ್ದನ್ನು ನಾನು ಕೇಳಿದವಳಲ್ಲ. ಅರವತ್ತು ವರ್ಷದ ಹಿಂದೆ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡದ್ದು, ಬಾಯಿ ಬಿಟ್ಟು ಒಮ್ಮೆಯೂ ಹೇಳದೆ ಒಳಗೆ ಇಟ್ಟುಕೊಂಡದ್ದು. ಅಂಗಳದಲ್ಲಿದ್ದ ಅಜ್ಜಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ತಿರುಗಿಯೂ ನೋಡದೆ ಮೂರನೆಯ ಸಾಲಿಗೆ ಹೋದಳು. ಅತ್ತೆ ಎತ್ತಿಕೊಂಡಳು. ನಾಲ್ಕನೆಯದು. ಐದನೆಯದಕ್ಕೆ ಅಜ್ಜಿ ನಿಲ್ಲಿಸಿ, "ಕೇಳುವುದಿಲ್ಲ ಅಮ್ಮ, ನನಗೆ ಒಂದು ಕಿವಿ ಮಂದ. ಕೆಳಗೆ ಬನ್ನಿ" ಎಂದಳು.

ಅತ್ತೆಗೆ ಮಂಡಿನೋವು. ನನ್ನ ಹೆಗಲು ಹಿಡಿದುಕೊಂಡು ನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ಇಳಿದಳು. ಚಾಪೆ ತರುತ್ತೇನೆ ಎಂದೆ, ಬೇಡ ಎಂದಳು. ತುಳಸಿಕಟ್ಟೆಯ ಈ ಬದಿಗೆ ಒರಗಿ, ಅಜ್ಜಿಯ ಎದುರಿಗೆ ಕಾಲು ನೀಡಿ ಕುಳಿತಳು. ಈಗ ಇಬ್ಬರ ನಡುವೆ ಮಲಗಿದ ಕೂಸಿನಷ್ಟೇ ದೂರ. ಹಾಡು ಮುಂದೆ ಹೋಯಿತು. ಒಂದು ಸಾಲಿನಲ್ಲಿ ಅತ್ತೆ ಎಡವಿದಳು, ಒಂದು ಹೂವಿನ ಬದಲು ಇನ್ನೊಂದು ಹೂವನ್ನು ಹೇಳಿದಳು. ಅಜ್ಜಿ ಕೈಯೆತ್ತಿ ತಡೆದು, "ಅದಲ್ಲ ಅಮ್ಮ, ಅದು ಆಮೇಲೆ ಬರುತ್ತದೆ" ಎಂದು ಆ ಸಾಲನ್ನೇ ಮತ್ತೆ ನಿಧಾನವಾಗಿ ಹೇಳಿದಳು. ಆ ನಿಧಾನದಲ್ಲಿ ನನಗೂ ಸಾಲು ಸಿಕ್ಕಿತು. ನಾನೂ ಎತ್ತಿಕೊಂಡೆ. ಮೊಮ್ಮಗನ ಹೆಂಡತಿ ನಮ್ಮ ಮೂವರನ್ನೂ ಒಮ್ಮೆ ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದಿನ ಸಾಲಿಗೆ ದನಿ ಕೂಡಿಸಿದಳು.

ರಿಕ್ಷಾ ಬಂದು ದಣಪೆಯ ಹೊರಗೆ ನಿಂತಿತು. ಹಾರ್ನ್ ಹೊಡೆಯಲಿಲ್ಲ, ಹುಡುಗ ಎಂಜಿನ್ ಆರಿಸಿ ಅಲ್ಲೇ ನಿಂತ. ಕೂಸು ಮಲಗಿ ಬಹಳ ಹೊತ್ತಾಗಿತ್ತು. ಹುಡುಗಿ ಇನ್ನೂ ತವರು ಮುಟ್ಟಿರಲಿಲ್ಲ, ಹೊಳೆ ದಾಟಲು ದೋಣಿ ಕಾಯುತ್ತಿದ್ದಳು. ಅಜ್ಜಿ ಮುಂದಿನ ಸಾಲು ಹೇಳಿ ನಮ್ಮ ಕಡೆ ನೋಡಿದಳು.